ಅವ್ವನ ಹಕ್ಕಿ ಲೆಕ್ಕ

ನಮ್ಮ ಕಡೆ ‘ಹ’ ಅನ್ನೋ ಅಕ್ಷರ ಬಾಯಿಗೆ ಬರೋದು ಕಮ್ಮಿ. ಹಾಲು ಆಲಾಗ್ತದೆ, ಹೊಲ ಒಲ ಆಗ್ತದೆ, ಹಕ್ಕಿ ಅಕ್ಕಿ ಆಗ್ತದೆ. ಮದುವೆಯಾದ ಹೊಸದರಲ್ಲಿ ನಮ್ಮೆಜಮಾನ್ರ ಹತ್ರ ನಮ್ಮವ್ವ “ನಾನು ಫಾರಂನಾಗೆ ಅಕ್ಕಿ ಕಾಯಾಕ್ ಓಯ್ತಿದ್ದೆ ಕನಪ್ಪ” ಅಂದಿದ್ಲು. ಅವರು ಶಿವಮೊಗ್ಗ ಕಡೆಯವರು, ಯಾವುದೋ ಅಕ್ಕಿ ಗೋಡೌನಿನ ಕಾವಲು ಇರಬೇಕು ಅಂದ್ಕೊಂಡು ಬಾಳ ದಿವಸ ಸುಮ್ನಿದ್ರಂತೆ. ಅವ್ವ ಕಾಯ್ತಿದ್ದದ್ದು ಭತ್ತದ ತಾಕು, ರಾಗಿ ತಾಕು. ಹಕ್ಕಿಯಿಂದ ಅಕ್ಕಿ ಕಾಯೋದು. ಹೆಂಗೆ ಅಂದ್ರೂ ಸರಿಯೇ ಬುಡಿ.

ಫಾರಂ ಅಂದ್ರೆ ಮಂಡ್ಯದ ಮಗ್ಗುಲಿಗಿರೋ ವಿ.ಸಿ. ಫಾರಂ. ವಿ.ಸಿ. ಅಂದ್ರೆ ವಿಶ್ವೇಶ್ವರಯ್ಯ ಕೆನಾಲು. ಆ ನಾಲೆಗೆ ಮೊದಲು ವೈಸರಾಯ್ ಇರ್ವಿನ್ ಹೆಸರಿತ್ತು. ನಮ್ಮೂರಿನ ಹಳೇ ಮುದುಕರು ಇರ್ವಿನ್ ನಾಲೆ ಅಂತಲೇ ಅಂತಿದ್ರು. ಕನ್ನಂಬಾಡಿ ನೀರು ಈ ನಾಲೆಯಲ್ಲಿ ಹರಿದ ಮೇಲೇ ಮಂಡ್ಯ ಸೀಮೆಗೆ ಗದ್ದೆ, ಕಬ್ಬು ಎಲ್ಲಾ ಬಂದದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನಡೆಸಿಕೊಂಡು ಬಂದ ಈ ಫಾರಂನಲ್ಲಿ ಆದ ಕೆಲಸ ಸಣ್ಣದಲ್ಲ. ರಾಗಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕಾ ರಾಗಿಗೂ ಸಂಬಂಧ ಮಾಡಿ ಇಂಡಾಫ್ ತಳಿಗಳನ್ನ ಕೊಟ್ಟದ್ದು ಇಲ್ಲಿಂದ. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’, ಅಷ್ಟೇ ಆ ಹೆಸರಿನ ಗುಟ್ಟು. ಕೆ.ಆರ್.ಎಚ್-2 ಅನ್ನೋ ಹೈಬ್ರಿಡ್ ಭತ್ತ 1996ರಲ್ಲಿ ಬಂದದ್ದೂ ಇಲ್ಲಿನದೇ. ತಳಿ ಮಾಡಿದವರ ಹೆಸರು ನಾವೆಲ್ಲ ಹೇಳ್ತೀವಿ, ಹೇಳಬೇಕು ಕೂಡ. ಆದರೆ ಆ ತೆನೆ ಹಣ್ಣಾಗೋ ತನಕ ಡಬ್ಬ ಬಡ್ಕೊಂಡು ಬಿಸಿಲಲ್ಲಿ ನಿಂತ ಅವ್ವನಂಥೋರ ಕೆಲಸ ಏನು ಅಂತ ನಂಗೆ ಸರಿಯಾಗಿ ಗೊತ್ತಾದದ್ದು ಮೊನ್ನೆ ಮೊನ್ನೆ, ನನ್ನ ಮಗಳು ಅಗ್ರಿ ಬಿಎಸ್ಸಿ ಸೇರಿದ ಮೇಲೆ.

ರೈತನ ಹೊಲದಲ್ಲಿ ಹಕ್ಕಿ ತಿಂದ್ರೆ ಹೋಗೋದು ಕಾಳು. ಪ್ರಯೋಗದ ತಾಕಿನಲ್ಲಿ ತಿಂದ್ರೆ ಕಾಳಿನ ಜೊತೆಗೆ ಲೆಕ್ಕವೂ ಹೋಗ್ತದೆ. ಮಗಳು ಹೇಳಿದ್ದು ಹಿಂಗೆ. ಒಂದೇ ಬಯಲಲ್ಲಿ ಹತ್ತಿಪ್ಪತ್ತು ತಳಿ ಸಣ್ಣ ಸಣ್ಣ ತಾಕಿನಲ್ಲಿ ಹಾಕಿರ್ತಾರೆ. ಯಾವುದು ಜಾಸ್ತಿ ಇಳುವರಿ ಅಂತ ತೂಗಿ ನೋಡಬೇಕು. ಎಲ್ಲವೂ ಒಂದೇ ದಿವಸ ಹಾಲು ತುಂಬಲ್ಲ. ಯಾವುದು ಮೊದಲು ತುಂಬ್ತೋ, ಸುತ್ತಮುತ್ತಲಿನ ಹಕ್ಕಿ ಎಲ್ಲಾ ಅದರ ಮೇಲೇ ಬೀಳ್ತವೆ. ಹಂಗೇ ಎಲ್ಲಕ್ಕಿಂತ ತಡವಾಗಿ ನಿಂತ ತಳಿ ಮೇಲೂ ಬೀಳ್ತವೆ, ಆಗ ಬಯಲಲ್ಲಿ ಉಳಿದಿರೋದು ಅದೊಂದೇ ಅಲ್ವಾ. ತೂಕ ಹಾಕ್ದಾಗ ಆ ತಳಿ ಕಮ್ಮಿ ಬರ್ತದೆ. ತಳಿ ಕೆಟ್ಟದ್ದೋ, ಹಕ್ಕಿ ತಿಂದದ್ದೋ, ತಕ್ಕಡಿಗೆ ಗೊತ್ತಾಗಲ್ಲ. ಒಳ್ಳೇ ತಳಿ ಒಂದು ಹಂಗೆ ಸುಮ್ಮನೆ ಬಿದ್ದು ಹೋಗಬಹುದು. ಅವ್ವ ಡಬ್ಬ ಬಡಿದದ್ದು ಇದಾಗದಂಗೆ ನೋಡ್ಕೊಳ್ಳೋಕೆ.

ಅವ್ವಂಗೆ ಓದು ಬರಲ್ಲ. ತಾಕಿನ ಗೂಟಕ್ಕೆ ಕಟ್ಟಿದ ಚೀಟಿ ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ಆದ್ರೆ “ಬದ ಬುಟ್ಟು ಮೂರನೇದು, ನಿನ್ನೆ ಸಂದೇಗೆ ಆಲ್ ಕಟ್ಟದೆ, ಇವತ್ತು ಅಲ್ಲೇ ಬೀಳ್ತವೆ ನೋಡು” ಅಂತ ಹೇಳೋಳು. ಬೆಳಗ್ಗೆ ಬಿಸಿಲೇರೋ ಮುಂಚೆ ಎರಡು ಮೂರು ಗಂಟೆ, ಸಾಯಂಕಾಲ ಹೊತ್ತು ಮುಳುಗೋ ಮುಂಚೆ ಎರಡು ಗಂಟೆ, ಅದೇ ಕೆಲಸದ ಹೊತ್ತು. ಮಧ್ಯಾಹ್ನ ಹಕ್ಕೀನೂ ನೆರಳಿಗೆ ಹೋಗ್ತವೆ, ಅವ್ವನೂ ಹೊಂಗೆ ಮರದಡಿ ಕೂತು ಮುದ್ದೆ ಉಣ್ಣೋಳು. ಕಾಳು ತಿನ್ನೋ ಹಕ್ಕಿ ಬೆಳಗ್ಗೆ ಒಂದ್ಸಲ ಸಾಯಂಕಾಲ ಒಂದ್ಸಲ ಜೋರಾಗಿ ಮೇಯ್ತವೆ ಅಂತ ಮಗಳ ಪುಸ್ತಕದಲ್ಲೂ ಗೆರೆ ಎಳೆದು ತೋರಿಸಿದ್ದಾರೆ, ಎರಡು ಗುಡ್ಡ ಮಧ್ಯೆ ಒಂದು ಹಳ್ಳ ಇದ್ದಂಗೆ.

ಬೆರ್ಚಪ್ಪನ ಮೇಲೆ ಅವ್ವಂಗೆ ಗೌರವ ಇಲ್ಲ. “ಮೂರ್ ದಿನ ಎದರ್ತವೆ. ನಾಕನೇ ದಿನ ಅದ್ರ ತಲೆ ಮ್ಯಾಲೇ ಕುಂತ್ಕಂಡು ಇಕ್ಕೆ ಆಕ್ತವೆ.” ಅದಕ್ಕೇ ಅವಳು ಬೆರ್ಚಪ್ಪನ ಜಾಗ ಬದಲಾಯಿಸೋಳು, ಅಂಗಿ ಬದಲಾಯಿಸೋಳು. ಒಂದಿನ ಡಬ್ಬ, ಒಂದಿನ ಕವಣೆ, ಒಂದಿನ ಬರೀ ಕೂಗು. ಆಮೇಲೆ ಹಳೇ ಕ್ಯಾಸೆಟ್ಟಿನ ರೀಲು ಎಳೆದು ಕಟ್ಟೋದು ಬಂತು, ಗಾಳಿಗೆ ಗುಂಯ್ ಅನ್ನೋದು. ಅದೂ ಒಂದು ವಾರ. ಯಾವ ಬೆದರಿಕೆಗೂ ಹಕ್ಕಿ ಒಗ್ಗಿಕೊಳ್ತದೆ, ಬದಲಾಯಿಸ್ತಾ ಇರಬೇಕು ಅನ್ನೋದು ಈ ವಿಷಯ ಓದಿದೋರ ಮೊದಲನೇ ಪಾಠವಂತೆ. ಹೈದರಾಬಾದಿನ ರಾಜೇಂದ್ರನಗರದಲ್ಲಿ ಹೊಲದ ಹಕ್ಕಿಗಳ ಮೇಲೇ ಒಂದು ಅಖಿಲ ಭಾರತ ಯೋಜನೆ ಇತ್ತು ಅಂತ ಮಗಳು ಹೇಳಿದಾಗ ಅವ್ವಂಗೆ ಬಾಳ ಖುಷಿ. “ಅಕ್ಕಿ ಕಾಯಾದ್ಕೂ ಇಸ್ಕೂಲಾ?”

ಅವಳಿಗೆ ಒಂದು ಅಭ್ಯಾಸ ಇತ್ತು. ಮಡಿಲಲ್ಲಿ ಒಂದಿಷ್ಟು ಹುಣಸೆ ಬೀಜ ಇಟ್ಕೊಳ್ಳೋಳು. ಹಿಂಡು ಒಂದ್ಸಲ ಬಂದು ಕೂತ್ರೆ ಒಂದು ಬೀಜ ಆಚೆ ಕಡೆ ಚೀಲಕ್ಕೆ. ಯಾರೂ ಮಾಡು ಅಂದದ್ದಲ್ಲ. ಹೊತ್ತು ಹೋಗಬೇಕಲ್ಲ, ಅದಕ್ಕೆ. ಸಾಯಂಕಾಲ ಮನೆಗೆ ಬಂದು “ಇವತ್ತು ನಲವತ್ತೆರಡ್ ಸಲ ಬಂದೋ ಮುಂಡೇವು” ಅನ್ನೋಳು. ಆಮೇಲೆ ಆ ಬೀಜ ಹುರಿದು ನಮಗೇ ತಿನ್ನೋಕೆ ಕೊಡೋಳು. ಇಪ್ಪತ್ತು ವರ್ಷದ ಲೆಕ್ಕ ನಾನೂ ನನ್ನ ತಮ್ಮನೂ ತಿಂದು ಮುಗಿಸಿದ್ದೀವಿ.

ಯಾವ ಹಕ್ಕಿ ಅಂದ್ರೆ ಮುಖ್ಯವಾಗಿ ಎರಡು. ಒಂದು ಸಣ್ಣಗುಬ್ಬಿ, ಪುಸ್ತಕದಲ್ಲಿ ರಾಟವಾಳ ಅಂತಾರೆ, ಹೊಟ್ಟೆ ಮೇಲೆ ಮೀನಿನ ಪೊರೆ ಥರ ಚುಕ್ಕೆ ಇರ್ತವಲ್ಲ, ಅದು. ಭತ್ತ ಹಾಲುಗಾಳಾದಾಗ ಇವು ಕಾಳು ಕೀಳೋದೂ ಇಲ್ಲ, ಕೊಕ್ಕಲ್ಲಿ ಹಿಂಡಿ ಹಾಲು ಕುಡಿದು ಹೋಗ್ತವೆ. ದೂರದಿಂದ ನೋಡಿದ್ರೆ ತೆನೆ ನೆಟ್ಟಗೇ ಇರ್ತದೆ. ಕೊಯ್ಲಿಗೆ ಬಂದಾಗ ಬರೀ ಜೊಳ್ಳು. ಇನ್ನೊಂದು ಗೀಜಗ.

ಗೀಜಗನ ಬಗ್ಗೆ ಅವ್ವ ಹೇಳೋದನ್ನ ಕೇಳಬೇಕು. “ಮುಂಗಾರ್ ಬತ್ತಿದ್ದಂಗೆ ಗಂಡು ತಲೆಗೆ ಅರಿಸ್ನ ಅಚ್ಕತದೆ. ಗೂಡ್ ಕಟ್ಟಾದೆಲ್ಲ ಗಂಡೇ. ಸುಗ್ಗಿ ಒತ್ಗೆ ಅರಿಸ್ನ ತೊಳ್ಕಂಡು ಎಣ್ ಗುಬ್ಬಿ ಥರಾ ಆಯ್ತದೆ, ಆಗ ಒಲಕ್ಕೆ ಬೀಳ್ತದೆ. ಎಲ್ಲಾರೂ ಬ್ಯಾರೆ ಅಕ್ಕಿ ಅಂತರೆ, ಬ್ಯಾರೆ ಅಲ್ಲ ಕನ, ಅದೇ ಗಂಡು.” ಮಗಳು ಸಲೀಂ ಅಲಿ ಪುಸ್ತಕ ತೆಗೆದು ಓದಿ ನೋಡಿದ್ರೆ ಅದೇ ಮಾತು.

ಸಲೀಂ ಅಲಿ ಅವರ ಕಥೆ ನಂಗೆ ಯಾಕೋ ಬಾಳ ಹಿಡಿಸ್ತು. 1930ರಲ್ಲಿ ಅವರಿಗೆ ಕೆಲಸ ಇರಲಿಲ್ಲ. ಬೊಂಬಾಯಿ ಮ್ಯೂಸಿಯಮ್ಮಿನ ಕೆಲಸ ಹೋಗಿತ್ತು. ಹೆಂಡತಿ ಕಡೆಯವರ ಮನೆ ಕಿಹೀಮ್ ಅನ್ನೋ ಸಮುದ್ರದ ದಂಡೆ ಊರಲ್ಲಿತ್ತು, ಅಲ್ಲಿ ಹೋಗಿದ್ರು. ಮನೆ ಹತ್ರದ ಮರದಲ್ಲಿ ಗೀಜಗ ಗೂಡು ಕಟ್ಟೋಕೆ ಶುರು ಮಾಡಿದ್ವು. ಮಳೆಗಾಲವಿಡೀ ಮರೆಯಲ್ಲಿ ಕೂತು ನೋಡಿದ್ರು. ಗಂಡು ಅರ್ಧ ಗೂಡು ಕಟ್ಟಿ, ಅದರಿಂದ ತಲೆಕೆಳಗಾಗಿ ನೇತಾಡಿ ರೆಕ್ಕೆ ಬಡಿದು ಕರೀತದೆ. ಹೆಣ್ಣು ಬಂದು ಒಳಗೆ ಹೊಕ್ಕು ನೋಡ್ತದೆ. ಒಪ್ಪಿದ್ರೆ ಮಾತ್ರ ಗಂಡು ಮಿಕ್ಕಿದ್ದು ಕಟ್ಟಿ, ಕೆಳಗೆ ಉದ್ದ ಕೊಳವೆ ಇಳಿಸ್ತದೆ. ಹೆಣ್ಣು ಮೊಟ್ಟೆ ಮೇಲೆ ಕೂತದ್ದೇ ತಡ, ಈ ಮಹರಾಯ ಪಕ್ಕದಲ್ಲೇ ಇನ್ನೊಂದು ಗೂಡಿಗೆ ಕೈ ಹಾಕ್ತಾನೆ, ಇನ್ನೊಂದು ಹೆಣ್ಣಿಗೆ. ಕಾವು ಕೂರೋಳು ಒಬ್ಬಳೇ, ಹದಿನಾಲ್ಕರಿಂದ ಹದಿನೇಳು ದಿನ. ಕೆಲಸ ಇಲ್ಲದ ಮನುಷ್ಯ ಮನೆ ಮುಂದಿನ ಮರ ನೋಡ್ತಾ ಕೂತು ಬರೆದ ಆ ಲೇಖನ ಇವತ್ತಿಗೂ ಓದ್ತಾರೆ. ಅದೇ ಸಲೀಂ ಅಲಿ ಮುಂದೆ ನಮ್ಮ ಮೈಸೂರು ಸೀಮೆ ಹಕ್ಕಿಗಳ ಸರ್ವೆಗೆ ಬಂದ್ರು. 1940ರಲ್ಲಿ ಮಹಾರಾಜರ ಸರ್ಕಾರ ರಂಗನತಿಟ್ಟನ್ನ ಪಕ್ಷಿಧಾಮ ಮಾಡಿದ್ದೂ ಅವರ ಮಾತಿನ ಮೇಲೇ.

ಅವ್ವನ ‘ಅರಿಸ್ನ’ದ ವಿಷಯಕ್ಕೆ ಬರ್ತೀನಿ. ಆ ಹಳದಿ ಗಂಡಿನ ಬೀಜದಿಂದ ಬರ್ತದೆ ಅಂತ ಯಾರಾದ್ರೂ ಅಂದ್ಕೊಳ್ತಾರೆ, ಹುಂಜದ ಜುಟ್ಟಿನ ಥರ. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಜೆ.ಪಿ. ಥಪ್ಲಿಯಾಲ್ ಅಂತ ಇದ್ರು, ಅವರ ಕಡೆಯೋರು ಗೀಜಗನ ಬೀಜ ತೆಗೆದು ನೋಡಿದ್ರಂತೆ. ಆದ್ರೂ ಕಾಲ ಬಂದಾಗ ಹಳದಿ ಬಂತು. ಅದನ್ನ ತರೋದು ಮೆದುಳಿನ ಬುಡದಲ್ಲಿರೋ ಪಿಟ್ಯೂಟರಿ ಗ್ರಂಥಿಯ ರಸ, ಎಲ್.ಎಚ್. ಅಂತ ಅದರ ಹೆಸರು. ಮಗಳು ಇದನ್ನ ಹೇಳೋವಾಗ ಅವ್ವ ಅವರೆಕಾಯಿ ಬಿಡಿಸ್ತಾ ಕೂತಿದ್ಲು. ಕೈ ನಿಲ್ಲಿಸಿ, “ಎತ್ಗೆ ಬೀಜ ಒಡುದ್ರೆ ಗೂಳಿ ಕಳೆ ಓಯ್ತದೆ. ಇದ್ಕೆ ಓಗಲ್ವಾ? ಅಂಗಾರೆ ಅದ್ರ ಗಂಡ್ಸ್ತನ ತಲೇಲಿ ಅದೆ ಅನ್ನು” ಅಂದ್ಲು. ಪರೀಕ್ಷೆಯಲ್ಲಿ ಹಿಂಗೇ ಬರೀತೀನಿ ಅಂತ ಮಗಳು ಬಿದ್ದು ಬಿದ್ದು ನಕ್ಕಳು.

ಇನ್ನೊಂದು ವಿಷಯದಲ್ಲಿ ಅವ್ವ ಪುಸ್ತಕಕ್ಕಿಂತ ಮುಂದಿದ್ದಾಳೆ ಅಂತ ನಂಗನ್ನಿಸ್ತದೆ. ಹೆಣ್ಣು ಗೂಡಿನ ನೇಯ್ಗೆ ಚಂದ ನೋಡಿ ಗಂಡು ಆರಿಸ್ತದೆ ಅಂತ ಬಾಳ ಜನ ಬರೆದಿದ್ದಾರೆ, ಶಾಲೆ ಪಾಠದಲ್ಲೂ ಹಂಗೇ ಹೇಳಿಕೊಟ್ಟಿದ್ರು. ಅವ್ವ ಒಪ್ಪಲ್ಲ. “ಅದು ನೋಡಾದು ಜಾಗವ. ಕೆಳುಗ್ ನೀರಿರ್ಬೇಕು, ಮುಳ್ ಮರ ಆಗಿರ್ಬೇಕು, ಗಾಳಿಗ್ ಬೆನ್ ಕೊಟ್ಟಿರ್ಬೇಕು. ನಿನ್ನ ಕೊಡುವಾಗ ನಾನೇನು ಅವ್ರ ಮನೆ ಸುಣ್ಣ ಬಣ್ಣ ನೋಡ್ದೆನಾ? ನೀರು ಎಷ್ಟು ದೂರ ಅಂತ ನೋಡ್ದೆ.” ಸುಹೇಲ್ ಕ್ವಾಡರ್ ಅನ್ನೋರು ಗೂಡುಗಳನ್ನ ಒಂದೊಂದಾಗಿ ಅಳೆದು, ಯಾವುದನ್ನ ಹೆಣ್ಣು ಒಪ್ತು, ಯಾವುದನ್ನ ಬಿಡ್ತು ಅಂತ ಲೆಕ್ಕ ಹಾಕಿ 2006ರಲ್ಲಿ ಪ್ರಕಟ ಮಾಡಿದ್ದಾರೆ. ಕಟ್ಟಿದ ಚಂದಕ್ಕಿಂತ ಕಟ್ಟಿದ ಜಾಗವೇ ಹೆಚ್ಚು ಅಂತ ಅದರಲ್ಲೂ ಬಂದಿದೆ. ಒಂದು ಗೂಡಿಗೆ ಐನೂರು ಸಲದವರೆಗೂ ಹುಲ್ಲು, ಭತ್ತದ ಗರಿ ಸೀಳಿ ತರೋ ಗಂಡಿನ ಗತಿ ನೋಡಿ. ಜಾಗ ತಪ್ಪಿದ್ರೆ ಅಷ್ಟೂ ದಂಡ.

ಮಿಂಚುಹುಳದ ಕಥೆಗೆ ಮಾತ್ರ ಅವ್ವ ಸೋತ್ಲು. ಗೀಜಗ ಗೂಡಲ್ಲಿ ಹಸಿ ಮಣ್ಣು ಮೆತ್ತಿ ಅದಕ್ಕೆ ಮಿಂಚುಹುಳ ಅಂಟಿಸಿ ದೀಪ ಮಾಡ್ಕೊಳ್ತದೆ ಅಂತ ನಮ್ಮ ಕಡೆ ಎಲ್ಲಾರೂ ನಂಬಿರೋದು. ಗಾಳಿಗೆ ಬಿದ್ದ ಗೂಡು ಬಿಚ್ಚಿ ನೋಡಿದ್ರೆ ಮಣ್ಣು ಇತ್ತು, ಹುಳ ಇರಲಿಲ್ಲ. ಆ ಮಣ್ಣು ಯಾತಕ್ಕೆ ಅಂತ ವಿಜ್ಞಾನಿಗಳೇ ಇನ್ನೂ ಜಗಳ ಆಡ್ತಾರೆ. “ಎಣ್ಣೆ ಮುಗ್ದದೆ ಅಂತ ತೆಗ್ದಾಕದೆ” ಅಂದು ಅವ್ವ ಎದ್ದು ಹೋದ್ಲು.

ಇಷ್ಟೆಲ್ಲ ಹಕ್ಕಿ ಅಟ್ಟಿದ ಹೆಂಗಸಿನ ತವರು ಯಾವುದು ಗೊತ್ತಾ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಪಕ್ಕ. ಅಲ್ಲಿ ಹುಣಸೆ ಮರ, ಅತ್ತಿ ಮರದ ಮೇಲೆ, ಮನೆ ಸೂರಿನ ಮೇಲಕ್ಕೇ ಅನ್ನಂಗೆ, ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ತವೆ. ಬಾಣಂತನಕ್ಕೆ ಬಂದ ಹೆಣ್ಮಕ್ಕಳು ಅಂತ ಊರೋರು ನೋಡ್ಕೊಳ್ತಾರೆ. ಮರದ ಕೆಳಗೆ ಬಿದ್ದ ಹಿಕ್ಕೆಯನ್ನ ಗೋಡು ಮಣ್ಣಿನ ಜೊತೆ ಹೊಲಕ್ಕೆ ಹಾಕೋ ರೂಢಿ. ಪಕ್ಷಿ ಇರೋ ಮರದ ಹುಣಸೆ ಹಣ್ಣು ಕಿತ್ಕೊಳ್ಳೋಕೆ ಆಗಲ್ಲ ಅಂತ ಅರಣ್ಯ ಇಲಾಖೆ ಮರದ ಮಾಲೀಕರಿಗೆ ದುಡ್ಡು ಕೊಡೋ ಪದ್ಧತಿ ಮಾಡ್ತು. ಗೂಡಿಂದ ಬಿದ್ದ ಮರಿಗಳನ್ನ ಎತ್ತಿ ಸಾಕೋಕೆ ಮೈಸೂರಿನ ಹವ್ಯಾಸಿ ಪ್ರಕೃತಿ ಪ್ರಿಯರೂ ಊರಿನ ಹುಡುಗರೂ ಸೇರಿ ಹೆಜ್ಜಾರ್ಲೆ ಬಳಗ ಕಟ್ಟಿದ್ರು. 2007ರಲ್ಲಿ ಅದು ಸಮುದಾಯ ಮೀಸಲು ಆಯ್ತು. 2017ರ ಕೊನೇಲಿ ಶುರುವಾಗಿ ಒಂದಾದ ಮೇಲೊಂದು ಹೆಜ್ಜಾರ್ಲೆ ಮರದಿಂದ ಬಿದ್ದು ಸತ್ವು. ಕುಯ್ದು ನೋಡಿದ್ರೆ ಹೊಟ್ಟೆಯಲ್ಲಿ ದುಂಡುಹುಳ, ಮೀನಿನಿಂದ ಬರೋ ಅಂಥದ್ದು. ಆ ಸುದ್ದಿ ಬಂದಾಗ ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹುಟ್ಟಿದ ಊರಲ್ಲಿ ಹಕ್ಕಿ ಮಗಳು, ಕೊಟ್ಟ ಊರಲ್ಲಿ ಹಕ್ಕಿ ಕಳ್ಳ. ಎರಡೂ ಅವಳಿಗೆ ನಿಜವೇ. ಕವಣೆ ಬೀಸ್ತಿದ್ಲು ನಿಜ, ಆದ್ರೆ ಕಲ್ಲಿನ ಬದಲು ಒಣಗಿದ ಮಣ್ಣಿನ ಹೆಂಟೆ ಇಡೋಳು.

ಈಗ ನಮ್ಮ ಮನೆ ವಿಷಯ. ನಮ್ಮ ತಮ್ಮಂಗೆ ಅರ್ಧ ಎಕರೆ ರಾಗಿ ಇತ್ತು, ಕಬ್ಬಿನ ಮಧ್ಯೆ ಒಂದು ತುಂಡು. ಸುತ್ತ ಎಲ್ಲ ಕಬ್ಬೇ, ತಿನ್ನೋ ಕಾಳು ಅಂದ್ರೆ ಅದೊಂದೇ. ಹಕ್ಕಿ ಕಾಯೋಕೆ ಆಳು ಸಿಗಲ್ಲ, ಸಿಕ್ಕರೂ ಕೂಲಿ ಗಿಟ್ಟಲ್ಲ. ನೈಲಾನು ಬಲೆ ಹೊದಿಸಿಬುಡ್ತೀನಿ ಅಂದ. ಅವ್ವ ಬ್ಯಾಡ ಅಂದ್ಲು. ಬಲೆಗೆ ಸಣ್ಣಗುಬ್ಬಿ ಕಾಲು ಸಿಕ್ಕಿ ತಲೆಕೆಳಗಾಗಿ ಒದ್ದಾಡಿ ಸಾಯೋದನ್ನ ಅವಳು ಇನ್ನೊಬ್ಬರ ಹೊಲದಲ್ಲಿ ನೋಡಿದ್ಲು. ಅದಕ್ಕವಳು ಕೊಟ್ಟ ಕಾರಣ ಬೇರೆ. “ಈಗ ಅಕ್ಕಿ ಎಲ್ಲವ್ಲಾ? ಮುಂಚಿನ್ ಥರಾ ಇಲ್ಲ. ಎಲ್ಲಾ ಕಮ್ಮಿ ಆಗವೆ. ಈಗ್ಲೇ ಕಮ್ಮಿ ಇರೋವ್ಕೆ ಬಲೆ ಬ್ಯಾರೆ ಆಕ್ತೀಯಾ?”

ತಮ್ಮ ತಲೆ ಕೆರ್ಕೊಂಡ. “ಕಮ್ಮಿ ಎಲ್ಲವ್ವಾ ಆಗವೆ? ಬೆಳುಗ್ಗೆ ಚಿರ್ ಚಿರ್ ಅಂತ ಗಲಾಟೆ, ಕಿವಿ ತೂತ್ ಬಿದ್ದೋಯ್ತದೆ.”

ಅವ್ವ ಅವನ ಮುಖ ನೋಡಿದ್ಲು. ಅವಳಿಗೆ ಆ ಗಲಾಟೆ ಗೊತ್ತೇ ಇರಲಿಲ್ಲ.

ಆವತ್ತು ಸಾಯಂಕಾಲ ಮಗಳು ನನ್ನ ಅಡಿಗೆ ಮನೆಗೆ ಬಂದು ಮೆಲ್ಲಗೆ ಹೇಳಿದ್ಲು. ವಯಸ್ಸಾದಂಗೆ ಮೊದಲು ಹೋಗೋದು ಸಣ್ಣ, ಚೂಪು ದನಿ ಕೇಳೋ ಶಕ್ತಿ. ದಪ್ಪ ದನಿ ಚೆನ್ನಾಗೇ ಕೇಳ್ತದೆ, ಅದಕ್ಕೇ ಕಿವಿ ಮಂದವಾಗಿದೆ ಅಂತ ಮನೆಯೋರಿಗೆ ಬೇಗ ತಿಳಿಯಲ್ಲ. ಹಾಡೋ ಹಕ್ಕಿಗಳ ದನಿ ಬಾಳ ಮಟ್ಟಿಗೆ ಎರಡರಿಂದ ಎಂಟು ಸಾವಿರ ಹರ್ಟ್ಸ್ ಒಳಗೆ ಇರ್ತದಂತೆ, ಮುದುಕರ ಕಿವಿ ಸೋಲೋದೂ ಅಲ್ಲೇ. “ಹಕ್ಕಿ ಕಮ್ಮಿ ಆಗಿದ್ಯೋ ಅಜ್ಜಿ ಕಿವಿ ಕಮ್ಮಿ ಆಗಿದ್ಯೋ, ಹೆಂಗಮ್ಮ ಗೊತ್ತಾಗೋದು?” ಅಂದ್ಲು. ಅಮೆರಿಕ, ಕೆನಡಾದಲ್ಲಿ 1966ರಿಂದ ವರ್ಷಾ ವರ್ಷ ಜನ ಗಾಡಿಯಲ್ಲಿ ಹೋಗಿ ಗೊತ್ತಾದ ಐವತ್ತು ಕಡೆ ಮೂರು ಮೂರು ನಿಮಿಷ ನಿಂತು ಹಕ್ಕಿ ಎಣಿಸ್ತಾರಂತೆ. ಹೆಚ್ಚಿನ ಹಕ್ಕಿ ಕಣ್ಣಿಗೆ ಬೀಳಲ್ಲ, ಕಿವಿಗೇ ಬೀಳೋದು. ಎಣಿಸೋರಿಗೂ ವಯಸ್ಸಾಗ್ತದಲ್ಲ, ಅದನ್ನ ಲೆಕ್ಕದಿಂದ ಹೆಂಗೆ ಕಳೀಬೇಕು ಅಂತ ಅಲ್ಲಿನ ವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿದ್ದಾರೆ. ಹಕ್ಕಿ ಅಳೆಯೋ ಮುಂಚೆ ಅಳೆಯೋರನ್ನ ಅಳೀಬೇಕು. ಇದು ನಂಗೆ ಬಾಳ ನ್ಯಾಯವಾದ ಮಾತು ಅನ್ನಿಸ್ತು. ಆದ್ರೆ ಅವ್ವಂಗೆ ಹೇಳೋರ್ ಯಾರು? ಅವಳ ಜೀವನದಲ್ಲಿ ಇಂಥದ್ದು ನಂಗೆ ಚೆನ್ನಾಗಿ ಬರ್ತದೆ ಅಂತ ಅವಳು ಎದೆ ಮುಟ್ಕೊಂಡು ಹೇಳೋದು ಅದೊಂದೇ ಕೆಲಸ.

ಮಗಳು ಹೇಳಲಿಲ್ಲ. ಕೆಲಸ ಕೊಟ್ಟಳು. “ಅಜ್ಜಿ, ಹತ್ತು ದಿನ ಬೆಳಗ್ಗೆ ಆರೂವರೆಯಿಂದ ಎಂಟೂವರೆ, ಮಾವನ ರಾಗಿ ಹೊಲದಲ್ಲಿ ನೀನೂ ಎಣಿಸು, ನಾನೂ ಎಣಿಸ್ತೀನಿ. ಒಬ್ಬರಿಗೊಬ್ಬರು ಹೇಳಂಗಿಲ್ಲ.” ಅವ್ವಂಗೆ ಎರಡು ಲೋಟ, ಮಡಿಲ ತುಂಬ ಹುಣಸೆ ಬೀಜ. ಕಣ್ಣಿಗೆ ಕಂಡ ಹಿಂಡಿಗೆ ಒಂದು ಲೋಟ, ಕಾಣೋ ಮುಂಚೆ ದನಿ ಕೇಳಿ ಗೊತ್ತಾದ್ರೆ ಇನ್ನೊಂದು. ಮಗಳು ಹೊಲದ ಆ ಮೂಲೆ, ಅವ್ವ ಈ ಮೂಲೆ, ಮುಖ ಒಂದೇ ಕಡೆಗೆ. ಇದು ಸುಮ್ಮನೆ ಆಟ ಅಲ್ಲ, ಇಬ್ಬರು ಬೇರೆ ಬೇರೆ ಎಣಿಸಿ ಹೋಲಿಸಿ ಯಾರಿಗೆ ಎಷ್ಟು ತಪ್ಪಿ ಹೋಗ್ತದೆ ಅಂತ ತಿಳಿಯೋದು ಹಕ್ಕಿ ಎಣಿಸೋರ ಹಳೇ ದಾರಿ.

ಹತ್ತು ದಿನದ ಮೇಲೆ ಜಗಲಿ ಮೇಲೆ ಬೀಜ ಸುರಿದು ಎಣಿಸಿದ್ವಿ. ಕಣ್ಣಿಗೆ ಕಂಡ ಸಣ್ಣಗುಬ್ಬಿ ಹಿಂಡು ಮಗಳದ್ದು 46, ಅವ್ವಂದು 43. ಕಣ್ಣಿನ ಪೊರೆ ತೆಗೆಸಿದ ಎಪ್ಪತ್ತು ದಾಟಿದ ಹೆಂಗಸು! ದನಿಯಿಂದಲೇ ಮೊದಲು ಗೊತ್ತಾದದ್ದು ಮಗಳಿಗೆ 29. ಅವ್ವನ ಲೋಟದಲ್ಲಿ ಎರಡು ಬೀಜ.

ಅವ್ವ ಬಾಳ ಹೊತ್ತು ಆ ಎರಡು ಬೀಜ ಬೆರಳಲ್ಲಿ ಆಡಿಸ್ತಾ ಕೂತಿದ್ಲು. ಆಮೇಲೆ “ಕೆಂಬೂತ ಕೂಗಿದ್ದು ಕೇಳುಸ್ತು. ಗೊರವಂಕ ಕೇಳುಸ್ತು. ಇವು ಬಾಯ್ ಮುಚ್ಕಂಡ್ ಬತ್ತಾವೆ ಅಂದ್ಕಂಡೆ” ಅಂದ್ಲು. ಯಾರೂ ನಗಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿಗೆ ಕರ್ಕೊಂಡು ಹೋದ್ವಿ. ಶಬ್ದ ಬರದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹಾಕಿ, ಕೇಳಿದಾಗ ಕೈ ಎತ್ತು ಅಂದ್ರು. ಬಂದ ಕಾಗದದಲ್ಲಿ ಗೆರೆ ಎಡಗಡೆ ಮಟ್ಟವಾಗಿದ್ದು ಬಲಗಡೆಗೆ ಹೋಗ್ತಾ ಹೋಗ್ತಾ ಕೆಳಕ್ಕೆ ಇಳೀತಿತ್ತು, ನಾಲೆ ಏರಿಯಿಂದ ಗದ್ದೆಗೆ ಇಳಿದಂಗೆ. ಬಲಗಡೆ ಅಂದ್ರೆ ಚೂಪು ದನಿ. ಮಗಳು ಅಂದದ್ದೇ ಆಗಿತ್ತು. ಕಿವಿಗೆ ಮೆಷಿನ್ನು ಹಾಕಿಸಿದ್ವಿ. ಮೊದಲನೇ ವಾರ ಬರೀ ಬೈಗುಳ. ಕಬ್ಬಿನ ಗರಿ ಶಬ್ದ, ಬೈಪಾಸಿನ ಲಾರಿ ಶಬ್ದ, ನಾನು ಪಾತ್ರೆ ಇಡೋ ಶಬ್ದ, ಎಲ್ಲಾ ತಲೆಗೆ ಬಡೀತವೆ ಅಂತ.

ಹಂಗಾದ್ರೆ ಅವ್ವನ ಮಾತು ಪೂರಾ ಸುಳ್ಳಾ? ನಾನು ಹಂಗೆ ಹೇಳಲ್ಲ. ಸಣ್ಣಗುಬ್ಬಿ ವಿಷಯದಲ್ಲಿ ಅವಳ ಕಿವಿ ಕೈ ಕೊಟ್ಟಿದೆ, ಸರಿ. ಗೀಜಗ ಕಿವಿಯಿಂದ ಎಣಿಸೋ 물ದಲ್ಲ, ಗೂಡು ಕಣ್ಣಿಗೇ ಕಾಣ್ತದೆ. ನಮ್ಮ ಹೊಲದ ತೆರೆದ ಬಾವಿ ಮೇಲೆ ಬಾಗಿದ್ದ ಜಾಲಿ ಮರದಲ್ಲಿ ನಾನು ಚಿಕ್ಕೋಳಿದ್ದಾಗ ಎಣಿಸೋಕೆ ಆಗದಷ್ಟು ಗೂಡು ತೂಗಾಡ್ತಿದ್ವು. ಬೋರು ಬಂತು, ಬಾವಿ ಮುಚ್ಚಿದ್ರು, ಜಾಲಿ ಕಡಿದ್ರು. ಅತ್ತಲಾಗಿದ್ದ ಇನ್ನೆರಡು ಬಾವಿ ಸೈಟುಗಳಾದ್ವು. ಮೊನ್ನೆ ಮುಂಗಾರಲ್ಲಿ ಮಗಳೂ ನಾನೂ ನಾಲೆ ಏರಿ ಮೇಲೆ ನಡೆದು ನೋಡಿದ್ರೆ ಗೂಡಿರೋ ಮರ ಸಿಕ್ಕಿದ್ದು ಎರಡು, ಒಂದು ಕರೆಂಟು ತಂತಿ. ಕೆಳಗೆ ನೀರು, ಮುಳ್ಳಿನ ಮರ, ಗಾಳಿಗೆ ಬೆನ್ನು ಅಂತ ಅವ್ವ ಹೇಳಿದ್ದಳಲ್ಲ, ಆ ಮೂರೂ ಒಟ್ಟಿಗೆ ಸಿಗೋ ಜಾಗವೇ ನಮ್ಮ ಊರಿನ ಎಲ್ಲೆಯಲ್ಲಿ ಉಳಿದಿಲ್ಲ. ಗಂಡು ಎಷ್ಟು ಚಂದ ನೇಯ್ದು ಏನು ಮಾಡ್ತದೆ?

2023ರಲ್ಲಿ ದೇಶದ ಹಕ್ಕಿಗಳ ಸ್ಥಿತಿ ಬಗ್ಗೆ ಒಂದು ದೊಡ್ಡ ವರದಿ ಬಂದಿದೆ. ಸಾವಿರಾರು ಜನ ತಮ್ಮ ತಮ್ಮ ಊರಲ್ಲಿ ನೋಡಿ ಬರೆದುಕೊಟ್ಟ ಪಟ್ಟಿಗಳನ್ನ ಸೇರಿಸಿ ಮಾಡಿದ್ದು. ಹಳೇ ಕಾಲದಿಂದ ಲೆಕ್ಕ ಹಿಡಿಯೋಕೆ ಆದದ್ದು 338 ಜಾತಿ, ಅದರಲ್ಲಿ ನೂರಕ್ಕೆ ಅರವತ್ತು ಕಮ್ಮಿ ಆಗಿವೆ ಅಂತದೆ. ಮಿಕ್ಕವು ಇದ್ದಂಗೇ ಇವೆ, ಇಲ್ಲಾ ಜಾಸ್ತಿ ಆಗಿವೆ. ಅಂದ್ರೆ ‘ಎಲ್ಲಾ ಕಮ್ಮಿ ಆಗವೆ’ ಅನ್ನೋದೂ ಸರಿಯಲ್ಲ, ‘ಎಲ್ಲಿ ಕಮ್ಮಿ ಆಗವೆ’ ಅನ್ನೋದೂ ಸರಿಯಲ್ಲ. ಅವ್ವನೂ ತಮ್ಮನೂ ಒಂದೊಂದು ಹಕ್ಕಿ ಹಿಡ್ಕೊಂಡು ಜಗಳ ಆಡ್ತಿದ್ರು ಅಷ್ಟೇ.

ಬಲೆ ವಿಷಯ ಇನ್ನೂ ಬಗೆಹರಿದಿರಲಿಲ್ಲ. ಎಣಿಸಿದ ಹತ್ತು ದಿನದಲ್ಲಿ ತಮ್ಮ ಒಂದು ನೋಡಿಕೊಂಡಿದ್ದ. ಅವ್ವ ಇದ್ದ ಮೂಲೆಯಲ್ಲಿ ತೆನೆ ಚೆನ್ನಾಗಿ ಉಳಿದಿದ್ವು. ಹಿಂಡು ಇಳಿದದ್ದು ಕಂಡ ತಕ್ಷಣ ಅವಳ ಕೈ ತಾನೇ ಡಬ್ಬಕ್ಕೆ ಹೋಗ್ತಿತ್ತು, ಲೆಕ್ಕ ಹಾಳಾಯ್ತು ಅಂತ ಮಗಳು ಬೈದ್ರೂ ಕೇಳ್ತಿರಲಿಲ್ಲ. “ಅವ್ವನೇ ಬೆಳುಗ್ಗೆ ಸಂದೇ ಕುಂತ್ಕಂಡ್ರೆ ಬಲೆ ದುಡ್ ಉಳೀತದೆ” ಅಂದ ತಮ್ಮ. ನಾನು ಅಲ್ಲೇ ತಡೆದೆ. ಅವ್ವನ ಹೊತ್ತು ಪುಕ್ಕಟೆ ಅಂತ ಲೆಕ್ಕ ಹಾಕೋದು ನಂಗೆ ಒಪ್ಪಿಗೆ ಇಲ್ಲ. ಫಾರಂನಲ್ಲಿ ಕಾಯ್ದಾಗ ಕೂಲಿ ಈಸ್ಕೊಂಡಿದ್ದಾಳೆ, ಮಗನ ಹೊಲ ಅಂದ್ರೆ ಧರ್ಮಕ್ಕಾ? ಸ್ವಲ್ಪ ಹೊತ್ತು ಮಾತು ಬಿಸಿಯಾಯ್ತು. ನಾದಿನಿ ನನ್ನ ಕಡೆ ನಿಂತಳು. ಕೊನೆಗೆ ದಿನಕ್ಕೆ ಊರಿನ ಅರ್ಧ ಕೂಲಿ, ಕೊಯ್ಲಿನ ತನಕ, ಅಂತ ಆಯ್ತು. ಅವ್ವಂಗೆ ನೆರಳಿಗೆ ಒಂದು ಗುಡಿಸಲು, ಕೂರೋಕೆ ಪ್ಲಾಸ್ಟಿಕ್ ಕುರ್ಚಿ. ಮಧ್ಯಾಹ್ನ ಮನೆಗೆ.

ಮೊದಲ ವಾರದ ದುಡ್ಡು ಕೊಟ್ಟಾಗ ಅವ್ವ ಎಣಿಸಿ ನೋಡಿ, “ಕಿವಿ ಇಲ್ದೋಳ್ಗೆ ಯಾಕ್ಲಾ ಇಷ್ಟೊಂದು?” ಅಂದ್ಲು.

“ಕಿವಿಗಲ್ಲ ಕನವ್ವ, ಕಣ್ಗೆ ಕೊಡ್ತಿರಾದು” ಅಂದ ತಮ್ಮ.

ರಾಗಿ ಕೊಯ್ದು ಮೆದೆ ಹಾಕಿ ಆಯ್ತು. ಬಲೆ ತರಲಿಲ್ಲ. ಮಗಳು ಒಂದು ನೂರು ಪುಟದ ಪುಸ್ತಕಕ್ಕೆ ಗೆರೆ ಹಾಕಿ ಅಜ್ಜಿ ಹೆಸರು ಬರೆದು ಗೂಡಲ್ಲಿ ಇಟ್ಟಿದ್ದಾಳೆ, ಬೀಜದ ಲೆಕ್ಕ ಇನ್ಮೇಲೆ ಸಾಯಂಕಾಲ ನಾನು ಬರೀಬೇಕು. ಬೀಜ ಹುರಿಯೋದು ಬರೆದಾದ ಮೇಲೆ ಅಂತ ಕಟ್ಟಪ್ಪಣೆ. ಮುಂಗಾರಿಗೆ ಗೀಜಗನ ಗೂಡು ಎಣಿಸೋಕೆ ನಾಲೆ ಏರಿ ಮೇಲೆ ಎಲ್ಲಿಂದ ಎಲ್ಲಿಗೆ ನಡೀಬೇಕು ಅಂತ ಅವ್ವ ಆಗಲೇ ಹೇಳಿಟ್ಟಿದ್ದಾಳೆ. ಹೊಸ ಜಾಲಿ ಸಸಿ ಎರಡು ನೆಡಿಸಬೇಕು ಅಂತಲೂ ಅಂದಿದ್ದಾಳೆ, ಹೊಲದ ಮೂಲೆಯ ಕೃಷಿ ಹೊಂಡದ ಪಕ್ಕಕ್ಕೆ, ಪಡುವಣ ಗಾಳಿಗೆ ಮರೆ ಆಗೋ ಕಡೆ. ಮುಳ್ಳು ಎತ್ತಿನ ಕಾಲಿಗೆ ಚುಚ್ತದೆ ಅಂತ ತಮ್ಮ ಇನ್ನೂ ಹೂಂ ಅಂದಿಲ್ಲ.